ಚಕ್ಕುಬಂದಿ

ಫೆಬ್ರವರಿ. ತೀರ್ಥಹಳ್ಳಿ. ಬೆಳಗಿನ ಜಾವ ಮೂರೂ ನಲವತ್ತು.
ತಾಲ್ಲೂಕು ಕಚೇರಿಯ ತಾರಸಿಯ ಮೇಲೆ ನಾನು,
ಎರವಲು ತಂದ ಒಂದು ದೂರದರ್ಶಕ.
ಮೂರು ಕಾಲಿನ ಸ್ಟ್ಯಾಂಡು ಇಲಾಖೆಯದು;
ಹಗಲು ಗದ್ದೆ ಅಳೆಯುವಂಥದ್ದು.

"ನಿಮಗೆ ಗಡಿ ಗೊತ್ತು, ಕನಕಲತಾ, ನೀವೇ ಅಂಚಿಗೆ ನಿಲ್ಲಿ"
ಎಂದಿದ್ದರು ಜಲಜಾಕ್ಷಿ ಟೀಚರು.
ಬಡಗಿನಿಂದ ತೆಂಕಿಗೆ ಐದು ಊರು, ಒಂದೇ ಸಾಲು.
ಶಿಕಾರಿಪುರದಲ್ಲಿ ಟೀಚರು,
ಆನಂದಪುರದಲ್ಲಿ ಅವರ ಹತ್ತನೇ ಕ್ಲಾಸಿನ ಹುಡುಗಿ, ಜೊತೆಗೆ ತೂಕಡಿಸುವ ಅವಳಪ್ಪ,
ರಿಪ್ಪನ್‌ಪೇಟೆಯಲ್ಲಿ ಗಡಿಯಾರ ರಿಪೇರಿಯ ಝಕರಿಯಾ ಸಾಬರು,
ಹುಂಚದಕಟ್ಟೆಯಲ್ಲಿ ಬಸ್ ಮೆಕ್ಯಾನಿಕ್ ಗುತ್ಯಪ್ಪ.
ಎಲ್ಲರಿಗೂ ಒಂದೇ ನಕ್ಷತ್ರ, ಒಂದೇ ಕೆಲಸ:
ರೆಪ್ಪೆ ಬಡಿಯದೆ ನೋಡುವುದು.

ಆ ಕಲ್ಲು ನಮಗೆ ಕಾಣುವುದಿಲ್ಲ.
ಮಂಗಳನನ್ನು ದಾಟಿ, ಕಲ್ಲುಗಳ ಪಟ್ಟಿಯ ಹೊರ ಅಂಚಿನಲ್ಲಿ,
ಇನ್ನೇನು ಗುರುವಿನ ಬೇಲಿ ಎನ್ನುವಲ್ಲಿ,
ಸೌದೆ ಒಲೆಯ ಬಾಣಲೆ ತಳದಷ್ಟು ಕಪ್ಪು.
ಸೂರ್ಯನಿಗೆ ಒಂದು ಸುತ್ತು ಬರಲು ಐದೂವರೆ ವರ್ಷ,
ನಮ್ಮಲ್ಲಿ ಒಂದು ಪೋಡಿ ಅರ್ಜಿ ಮುಗಿಯುವುದಕ್ಕಿಂತ ಬೇಗ.
ನಾಲ್ಕಂಕಿಯ ನಂಬರು. ಪಕ್ಕದಲ್ಲಿ ಯಾರೋ ಜರ್ಮನ್ ಹೆಂಗಸಿನ ಹೆಸರು;
ಕಂಡುಹಿಡಿದವನ ಹೆಂಡತಿಯೊ, ಬಾಡಿಗೆ ಮನೆಯೊಡತಿಯೊ,
ಟೀಚರಿಗೂ ಗೊತ್ತಿಲ್ಲ.
ಇಪ್ಪತ್ತಾರು ವರ್ಷ ಪಹಣಿ ನೋಡಿದ್ದೇನೆ.
ಕೋಂ ಇಂಥವರು ಎನ್ನದೆ, ಬಿನ್ ಇಂಥವರು ಎನ್ನದೆ
ಹೆಂಗಸಿನ ಹೆಸರೊಂದು ಒಂಟಿಯಾಗಿ ಕಾಲಂನಲ್ಲಿ ಕೂತದ್ದು
ಬೆರಳಲ್ಲಿ ಎಣಿಸುವಷ್ಟು.

ನಿದ್ದೆ ತಡೆಯಲು ಮನಸ್ಸಲ್ಲೇ ಅದಕ್ಕೊಂದು ಚಕ್ಕುಬಂದಿ ಬರೆದೆ:
ಪೂರ್ವಕ್ಕೆ ಕತ್ತಲು,
ಪಶ್ಚಿಮಕ್ಕೆ ಸದರಿ ಕತ್ತಲು,
ಉತ್ತರಕ್ಕೆ ಸರ್ಕಾರಿ ಖರಾಬು,
ದಕ್ಷಿಣಕ್ಕೆ...
ದಕ್ಷಿಣಕ್ಕೆ ನಾನು.

ಕೆಳಗೆ ತುಂಗೆಯ ಮೇಲೆ ಮಂಜು.
ಹಾಲಿನ ವ್ಯಾನೊಂದು ಸೇತುವೆ ದಾಟಿತು.
ಮೂರೂ ನಲವತ್ತೆಂಟು. ಹನ್ನೊಂದು ಸೆಕೆಂಡು. ಹನ್ನೆರಡು.
ನಕ್ಷತ್ರ ಇತ್ತು.
ಹದಿಮೂರು. ಇತ್ತು.
ಹದಿನೆಂಟು, ಇಪ್ಪತ್ತು, ಇತ್ತು, ಇತ್ತು,
ಕಚೇರಿ ಬಾಗಿಲಿನ ಅರ್ಜಿದಾರನ ಹಾಗೆ
ಕದಲದೆ ಇತ್ತು.
ಕಣ್ಣಲ್ಲಿ ನೀರು ಬಂತು. ಬರೀ ಉರಿ.

ಆಮೇಲೆ ಒಬ್ಬೊಬ್ಬರದೇ ಫೋನು.
ಶಿಕಾರಿಪುರದಲ್ಲಿ ಎರಡು ಸೆಕೆಂಡು ಆರಿತ್ತು.
ಆನಂದಪುರದಲ್ಲಿ ನಾಲ್ಕಕ್ಕೆ ಚೂರು ಕಡಿಮೆ,
"ಬುಡ್ಡಿ ಊದಿ ಮತ್ತೆ ಹಚ್ಚಿದ ಹಾಗೆ, ಮಿಸ್!"
ಝಕರಿಯಾ ಸಾಬರು ಮೂರು ಪಾಯಿಂಟ್ ಏಳು ಎಂದವರೇ
ತಮ್ಮ ಗಡಿಯಾರವನ್ನೇ ನಂಬದೆ ಇನ್ನೆರಡು ತಿರುಗಿಸಿ ನೋಡಿದರಂತೆ.
ಗುತ್ಯಪ್ಪ: "ಕಣ್ ಮುಚ್ಚಿ ಬಿಟ್ಟಂಗಾತು, ಅಷ್ಟೇಯ."
ನಾನು ಹೇಳಿದೆ: ಇಲ್ಲ. ನನ್ನಲ್ಲಿ ಏನೂ ಆಗಲಿಲ್ಲ.

ಟೀಚರು ಒಂದು ಗಳಿಗೆ ಸುಮ್ಮನಿದ್ದರು.
"ಅದೇ ಬೇಕಿತ್ತು," ಎಂದರು ಆಮೇಲೆ,
"ನೀವು ಇಲ್ಲ ಅನ್ನುವುದರೊಳಗೆ ಅದು ಮುಗಿಯಬೇಕಲ್ಲ."

ಮಧ್ಯಾಹ್ನ ಚೌಕಳಿ ಹಾಳೆಯ ಮೇಲೆ ನಾಲ್ಕು ಗೆರೆ ಎಳೆದೆ,
ಐದನೆಯದು ಚುಕ್ಕೆ ಚುಕ್ಕೆ.
ತುದಿ ಕೂಡಿಸಿದರೆ ಮಣ್ಣು ಕೊಡವದ ಸುವರ್ಣಗೆಡ್ಡೆ,
ಒಂದು ಮಗ್ಗುಲು ಹಂದಿ ಕಚ್ಚಿದ ಹಾಗೆ.
ಶಿಕಾರಿಪುರದಲ್ಲಿ ತಲೆಯಿಟ್ಟರೆ
ಹುಂಚದಕಟ್ಟೆಗೆ ಕಾಲು ಚಾಚುವಷ್ಟು ಉದ್ದ.

ಮೇಗರವಳ್ಳಿ ಕಡೆ ಅಣ್ಣ ತಮ್ಮ ಇಬ್ಬರು
ರಾತ್ರೋರಾತ್ರಿ ಬಾಂದುಕಲ್ಲು ಕೀಳುತ್ತಾರೆ, ಸರಿಸಿ ನೆಡುತ್ತಾರೆ.
ವರ್ಷಕ್ಕೊಮ್ಮೆ ಸರಪಳಿ ಹಿಡಿದು ನಾನು ಹೋಗಬೇಕು.
ಈ ಕಲ್ಲನ್ನು ಯಾರೂ ಕೀಳುವುದಿಲ್ಲ.
ತಾನಾಗಿ ಸರಿಯುತ್ತದೆ, ಹಗಲೂ ರಾತ್ರಿ,
ಯಾರದನ್ನೂ ಒತ್ತುವರಿ ಮಾಡದೆ.

ವರದಿಯ ಐದನೇ ಸಾಲು ನನ್ನದು.
ಸ್ಥಳ: ತೀರ್ಥಹಳ್ಳಿ. ಮರೆಯಾದ ಅವಧಿ: ಇಲ್ಲ.
ಸಾಕ್ಷಿಗಳ ಕಾಲಂ ಅದರಲ್ಲಿರಲಿಲ್ಲ;
ಅಭ್ಯಾಸಬಲ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಹಾಲಿನ ವ್ಯಾನು, ಸೇತುವೆ, ಮಂಜು.