ಹದಿನೆಂಟರ ಬಿಲ್ಲು

ಜಿಲ್ಲಾಸ್ಪತ್ರೆಯಲ್ಲಿ ಟೇಪು ಹಿಡಿದು ಅಳೆದರು,
ಸೊಂಟದಿಂದ ಹಿಮ್ಮಡಿಗೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ,
ಕಲ್ಲು ನೆಡದ ಸೈಟು ಅಳೆದ ಹಾಗೆ.
ಡಾಕ್ಟರು ತಲೆಯೆತ್ತದೆ ಅಂದರು: ಅರವತ್ತೆರಡು.
ಅಂದಿನಿಂದ ನಾನು ಶೇಕಡಾವಾರು ಹೆಂಗಸು.
ಕಾರ್ಡಿನಲ್ಲಿ ಫೋಟೋ, ಫೋಟೋದ ಕೆಳಗೆ ಅಂಕಿ.

ಕೆಲಸವೂ ಅದೇ ನೋಡಿ, ಶೇಕಡಾ ಟೈಪು ಮಾಡುವುದು.
ಮಂಡಿಪೇಟೆಯಲ್ಲಿ ಆಡಿಟರ್ ಗುರುರಾಜಾಚಾರರ ಆಫೀಸು,
ಹತ್ತೊಂಬತ್ತು ಮೆಟ್ಟಿಲು,
ಗೋಡೆಯುದ್ದಕ್ಕೂ ನನ್ನ ಅಂಗೈಯ ಮಾಸಲು ಗೆರೆ.
ಸೀರೆಗೆಷ್ಟು, ಸಿಮೆಂಟಿಗೆಷ್ಟು, ನಟ್ಟು ಬೋಲ್ಟಿಗೆಷ್ಟು,
ನಿದ್ದೆಯಲ್ಲಿ ಕೇಳಿದರೂ ಹೇಳೇನು.

ಸ್ಕೂಟರು ಅಣ್ಣನದು, ಹಳೆಯದು.
ಪಕ್ಕಕ್ಕೆರಡು ಗಾಲಿ ಕೂರಿಸಿದರೆ ನಾನೂ ಓಡಿಸಬಹುದು.
ಪಿ.ಬಿ. ರೋಡಿನ ಮುರಿಗೆಪ್ಪನೋರ ಅಂಗಡಿ.
ಗಾಲಿ, ಕಂಬಿ, ಸ್ಪ್ರಿಂಗು ಸೇರಿ ಹದಿನಾಲ್ಕು ಸಾವಿರ.
ಕಾರ್ಡು ಇಟ್ಟು, ಇದಕ್ಕೆ ಐದು ಪರ್ಸೆಂಟು, ಅಂದೆ.
ಹುಡುಗ ಹದಿನೆಂಟು ಒತ್ತಿದ.

"ಸಿಸ್ಟಮ್ ತಗಣಂಗಿಲ್ಲವ್ವ," ಅಂದರು ಮುರಿಗೆಪ್ಪನೋರು,
ಸಿಸ್ಟಮ್ ಅಂದರೆ ಒಳಮನೆಯಲ್ಲಿ ಮಲಗಿರುವ
ಮುಂಗೋಪದ ಮಾವನೇನೋ ಅನ್ನುವ ಹಾಗೆ.
"ನಾಳೆ ಟ್ಯಾಕ್ಸಿನೋರು ಬಂದ್ರೆ ಮಿಕ್ಕಿದ್ದು ನಾ ಕಟ್ಬೇಕಾಕತಿ.
ನೀ ಕಾಲು ತೋರ್ಸಿದ್ದೆ ಅಂದ್ರೆ ಅವ್ರು ಬಿಡ್ತಾರಾ?"

ನಾನು ಕಾಲು ತೋರಿಸಿರಲಿಲ್ಲ,
ಕಾಗದ ತೋರಿಸಿದ್ದೆ.
ಅಂಗಡಿಯಲ್ಲಿದ್ದವರೆಲ್ಲ ಈಗ ಕಾಲನ್ನೇ ನೋಡಿದರು.
ಕ್ಯಾಲಿಪರಿನ ಕೀಲು, ಹೊತ್ತಲ್ಲದ ಹೊತ್ತಲ್ಲಿ, ಕಟಕ್ ಅಂದಿತು.

"ಹೋಗ್ಲಿ, ಐನೂರು ಬಿಡ್ತೀನಿ ತಗ, ಪಾಪ."
ಬೇಡ ಅಂದೆ.
ಪಾಪಕ್ಕೆ ಹೆಚ್‌ಎಸ್‌ಎನ್ ಕೋಡ್ ಇಲ್ಲ.
ಐನೂರು ಬಿಟ್ಟರೆ ಅದು ನಿಮ್ಮ ದೊಡ್ಡತನ,
ಹದಿನೆಂಟು ಐದಾದರೆ ಅದು ನನ್ನ ಲೆಕ್ಕ.

ವ್ಯತ್ಯಾಸ ಸಾವಿರದ ಎಂಟುನೂರ ಇಪ್ಪತ್ತು.
ನಿಟ್ಟುವಳ್ಳಿಯಿಂದ ಆಟೋ, ಹೋಗಿ ಬರಲು ಎಪ್ಪತ್ತು.
ಭಾಗಿಸಿ: ಇಪ್ಪತ್ತಾರು ದಿನ.
ಭಾನುವಾರ ಕಳೆದರೆ ಒಂದು ತಿಂಗಳು ಪೂರಾ,
ಗಾಲಿ ಬಂದ ಮೇಲೂ ಆಟೋದಲ್ಲೇ ಓಡಾಡಿದ ಹಾಗೆ.

ಹಾಗಂತ ಎದ್ದು ಬರಲಿಲ್ಲ. ಬೇಕಿತ್ತಲ್ಲ.
ಪೂರ್ತಿ ಎಣಿಸಿ ಕೊಟ್ಟು, ಬಿಲ್ಲಿನ ಮೇಲೆ
ಹೆಸರು ಬರೆಸಿದೆ: ಕೊಟ್ರಮ್ಮ ಹೆಚ್.

ಮುಂದಿನ ತಿಂಗಳು ಅವರ ಹುಡುಗ
ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಟೇಬಲ್ಲಿಗಿಟ್ಟು ಹೋದ.
ಅಂಗಡಿಯ ಬಿಲ್ಲುಗಳು ಪ್ರತಿ ತಿಂಗಳೂ ನನ್ನ ಹತ್ತಿರವೇ ಬರುವುದು.
ಮುರಿಗೆಪ್ಪನೋರಿಗೆ ಆಚಾರರು ಗೊತ್ತು,
ಟೈಪು ಮಾಡುವವಳು ಯಾರೆಂದು ಯಾರು ಕೇಳುತ್ತಾರೆ?
ಬ್ರೇಕ್ ಶೂ, ಕ್ಲಚ್ ವೈರು, ಮಿರರ್ ಜೋಡಿ,
ನಲವತ್ತೊಂದನೆಯದು ನಾನು.

ಬೆರಳು ನಿಂತಿತು. ಕೆಳಗೆ ಮಂಡಕ್ಕಿಯವನು ಒಗ್ಗರಣೆ ಹಾಕುತ್ತಿದ್ದ,
ಮೆಟ್ಟಿಲು ತುಂಬ ಘಾಟು.
ಐದು ಒತ್ತಬಹುದಿತ್ತು; ಸರಿಯಾದ ದರ, ಸುಳ್ಳು ಲೆಕ್ಕ.
ಹದಿನೆಂಟು ಒತ್ತಿದರೆ ನನ್ನ ಬೆರಳೇ ಅವರ ಸಾಕ್ಷಿ.
ಎರಡೂ ಒತ್ತದೆ ಪೆನ್ಸಿಲಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿ
ದರಪಟ್ಟಿಯ ಪುಟವನ್ನು ಪಿನ್ನು ಮಾಡಿದೆ.
ಯಾರ ಬಿಲ್ಲು ತಪ್ಪಿದರೂ ಹೀಗೇ ಮಾಡುತ್ತೇನೆ.

ಆಚಾರರು ಕನ್ನಡಕ ಏರಿಸಿ ಓದಿದರು. ಹೆಸರು ಓದಿದರು.
ಫೋನು ಹಿಡಿದರು.
"ನಿಮ್ಮ ಬಿಲ್ಲೊಂದು ತಪ್ಪಿದೆ, ಕ್ರೆಡಿಟ್ ನೋಟ್ ಹಾಕಬೇಕು...
ಹೂಂ... ಹಿಡಿದಿದ್ದು ಯಾರಾ? ನಮ್ಮ ಕೊಟ್ರಮ್ಮ."
ಆ ಕಡೆ ಬಹಳ ಹೊತ್ತು ಮಾತಿಲ್ಲ.

ದುಡ್ಡು ಇನ್ನೂ ಬಂದಿಲ್ಲ.
ಸಿಸ್ಟಮ್ ಅಪ್‌ಡೇಟ್ ಆಗಲಿ ಅನ್ನುತ್ತಾರಂತೆ.

ಸಂಜೆ ಅಶೋಕ ರೋಡಿನ ಗೇಟು ಬಿದ್ದಿರುತ್ತದೆ.
ಬೈಕಿನವರೆಲ್ಲ ಒಂದೊಂದು ಕಾಲು ಊರಿ ನಿಂತಿರುತ್ತಾರೆ.
ನಾನು ಊರಬೇಕಿಲ್ಲ,
ನಾಲ್ಕು ಗಾಲಿಯ ಮೇಲೆ ನೆಟ್ಟಗೆ ಕೂತು
ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತೇನೆ.
ಇಪ್ಪತ್ತಾರು ದಾಟಿದ ಮೇಲೂ
ಗಾಡಿ ಮುಗಿಯುವುದಿಲ್ಲ.