ಆಫ್ ಸೀಜನ್

ಗಾಣ ನಿಂತಾವು. ಚಿಮಣಿ ತಣ್ಣಗ.
ಮುಧೋಳದ ರಸ್ತಾದಾಗ ಈಗ
ಹಾಡು ಹಚ್ಚಿಕೊಂಡು ಹೋಗೂ ಕಬ್ಬಿನ ಟ್ರ್ಯಾಕ್ಟರಿಲ್ಲ,
ಲ್ಯಾಬಿನ್ಯಾಗ ನನ್ನ ಸ್ಟೂಲಿನ ಮ್ಯಾಲೆ ಧೂಳು ಕುಂತೈತಿ.
ಆರು ತಿಂಗಳು, ಪಾಳಿ ಮ್ಯಾಲೆ ಪಾಳಿ,
ಕಬ್ಬಿನ ಹಾಲಿನ ಬ್ರಿಕ್ಸ್ ನೋಡಿ ನೋಡಿ
ಸಿಹಿ ಅನ್ನೂದು ನನಗ ಒಂದು ಅಂಕಿ ಆಗೈತಿ:
ಹದಿನೆಂಟು. ಹದಿನೆಂಟೂವರಿ. ಸಹಿ.

ಚಹಾಕ್ಕ ಸಕ್ಕರಿ ಬ್ಯಾಡ ಅಂದಾಗಿಂದ
ಮಹಾನಂದಾ ನನ್ನ ಮಾರಿ ಹೊಳ್ಳಿ ಹೊಳ್ಳಿ ನೋಡ್ತಾಳ.
ನನಗ ಕಹಿ ಬೇಕಾಗಿತ್ತು.
ಬೇವಿಂದಲ್ಲ, ಡಾಕ್ಟರ್ ಕೊಟ್ಟ ಗುಳಿಗೀದಲ್ಲ.
ಪುಣೇಕ್ಕ ಟ್ರೇನಿಂಗಿಗೆ ಹೋದಾಗ
ಯಾರೋ ಕೊಡಿಸಿದ ಒಂದು ಗ್ಲಾಸು:
ಮದಲ ಕಿತ್ತಳಿ ಸಿಪ್ಪಿ, ಆಮ್ಯಾಲೆ ಹಸೀ ಹುಲ್ಲು,
ಕಡೀಕ ನಾಲಿಗಿ ಬುಡದಾಗ ಬಂದು ಕುಂತ
ಮಾತಾಡದ ಒಬ್ಬ ಬೀಗ.
ಅಂವ ಎದ್ದು ಹೋಗಲೇ ಇಲ್ಲ.

ಹಾಪ್ಸ್ ಕೊರಿಯರಿನ್ಯಾಗ ಬಂತು, ಹಸರು ಗುಳಿಗಿ.
“ದನದ ಹಿಂಡಿ ಫ್ರಿಜ್ಜಿನ್ಯಾಗ ಯಾಕ?” ಅಂದ್ಳು.
ಮೂಸಿ ನೋಡು, ಅಂದೆ. ಮೂಸಿದ್ಳು.
ಏನೂ ಅನ್ನಲಿಲ್ಲ. ಸಂಜೀಕ ನೋಡಿದರ
ದ್ವಾಸಿ ಹಿಟ್ಟಿನ ಡಬ್ಬಿ ಹಿಂದಿದ್ದ ಪಾಕೀಟು
ಮುಂದ ಬಂದಿತ್ತು.

ಆಷಾಢದ ಗಾಳಿ ಬೀಸೂ ಒಂದು ರವಿವಾರ
ಅಡಗಿ ಬಸಲಿಂಗನ ಮದವಿ ಪಾತೇಲಿ ತಂದು
ಹಿತ್ತಲದಾಗ ಒಲಿ ಹೂಡಿದೆ.
ಮೊಳಕಿ ಕಟ್ಟಿಸಿ ಒಣಗಿಸಿದ ಬಾರ್ಲಿ ಐದು ಕಿಲೋ,
ಅಪ್ಪನ ಹಳೇ ಧೋತರದಾಗ ಗಂಟು ಕಟ್ಟಿ
ಅರವತ್ತೇಳು ಡಿಗ್ರಿಯೊಳಗ ಒಂದು ತಾಸು.
ಗ್ವಾಡಿ ಮ್ಯಾಲಿಂದ ಇಣುಕಿ ಕಲಾವತಿ ಕೇಳಿದ್ಳು.
ಕಷಾಯ, ಅಂದೆ.
ಸುಳ್ಳೂ ಅಲ್ಲ ಅದು, ಪೂರಾ ಖರೇನೂ ಅಲ್ಲ.

ಕುದಿ ಹತ್ತಿದಾಗ ಒಂದು ಹಿಡಿ ಹಾಪ್ಸ್, ಅದು ಕಹಿಗೆ.
ಬೆಂಕಿ ಆರಿಸಿದ ಮ್ಯಾಲೆ ಎರಡು ಹಿಡಿ, ಅದು ಮೂಗಿಗೆ.
ಹೊತ್ತು ಹೆಚ್ಚಾದರ ವಾಸನಿ ಹಾರಿ
ಬರೇ ಕಹಿ ಉಳೀತೈತಿ, ಅಂತ ತಿಳಿಸಿ ಹೇಳಿದೆ.
“ಜಗಳದಾಗೂ ಹಂಗ” ಅಂದ್ಳು, ಉಳ್ಳಾಗಡ್ಡಿ ಹೆಚ್ಚಿಕೋತ.

ಹಿಂಡಿದ ಕಾಳು ಕಲಾವತಿ ಮನಿ ಎಮ್ಮಿಗೆ ಹೋದವು.
ಮರುದಿನ ಎಮ್ಮಿ ತಾನ ನಮ್ಮ ಬಾಗಿಲಿಗೆ ಬಂತು.

ಬಕೀಟಿಗೆ ತೊಯ್ಸಿದ ಗೋಣಿಚೀಲ, ಎದುರಿಗೆ ಟೇಬಲ್ ಫ್ಯಾನು.
ಎರಡನೇ ರಾತ್ರಿ ಶುರುವಾತು ಗುಳುಗುಳು.
“ಯಾರೋ ಗುಡುಗುಡಿ ಸೇದಾಕತ್ತಾರ” ಅಂತ
ಅವ್ವ ಎದ್ದು ಕುಂತು ಕಳ್ಳರನ್ನ ಬೈದಳು.
ಎರಡು ವಾರಕ್ಕ ಸದ್ದು ಸತ್ತಿತು,
ಇಪ್ಪತ್ನಾಕು ಬಾಟಲಿ, ಇಪ್ಪತ್ನಾಕು ಬಿರಡಿ,
ಗ್ಯಾಸ್ ಏಳಾಕ ಒಂದೊಂದಕ್ಕ ಚೂರು ಸಕ್ಕರಿ.
ಮರುದಿನ ನಾಗರ ಅಮಾಸಿ.
“ಶ್ರಾವಣ ಮುಗೀತನಕ ಮುಟ್ಟೂದಿಲ್ಲ” ಅಂದ್ಳು.
ಹಾಪ್ಸಿಗೆ ಪಂಚಾಂಗ ಗೊತ್ತಿಲ್ಲ ಮಹಾನಂದಾ,
ವಾಸನಿ ದಿನಾ ಇಷ್ಟಿಷ್ಟು ಸಾಯತೈತಿ ಅಂದೆ.
“ಸಾಯಲಿ.”

ಎರಡನೇ ಸೋಮವಾರ, ನಡುರಾತ್ರಿ,
ಅಟ್ಟದ ಕೆಳಗ ಪಟಾಕಿ ಹಾರಿಧಂಗ ಒಂದು.
ಉಸರು ತಗೊಳ್ಳೂದರಾಗ ಇನ್ನೊಂದು.
ದೀಪ ಹಚ್ಚಿದರ ನೆಲದ ತುಂಬ ನೊರಿ, ಗಾಜು,
ದೇವರ ಮಾಡದತನಕ ಸಿಡಿದ ಹನಿ,
ಮತ್ತ ಆ ವಾಸನಿ!
ಕಿತ್ತಳಿ ಸಿಪ್ಪಿ, ಮಳ್ಯಾಗಿನ ಹುಲ್ಲು,
ಅರ್ಧ ಹಣ್ಣಾದ ಪ್ಯಾರಲಕಾಯಿ ಕಚ್ಚಿಧಂಗ.
ಅವ್ವ ಕಣ್ಣು ಮುಚ್ಚಿಕೊಂಡ ಅಂದಳು,
“ಯಾವ ಅತ್ತರಪಾ ಇದು?”
ಮೂಸಿದರ ವ್ರತ ಮುರೀತೈತೇನು?
ಮೂರೂ ಮಂದಿ ನಿಂತ ಮೂಸಿದಿವಿ.

ಲ್ಯಾಬಿನ್ಯಾಗ ಮಿಲಿಗ್ರಾಮಿಗೆ ಸಹಿ ಮಾಡೂ ನಾನು
ಮನ್ಯಾಗ ಚಿವುಟಿ ಲೆಕ್ಕದಾಗ ಸಕ್ಕರಿ ಹಾಕಿದ್ದೆ.
ನನ್ನ ಕಾರ್ಖಾನೀದ, ನಾನ ಪಾಸ್ ಮಾಡಿದ ಸಕ್ಕರಿ.

ಗಾಜು ಬಳದು, ನೆಲ ಒರಸಿ,
ಹಸೀ ಅರಬಿ ಹಿಂಡೂದರಾಗ ಮಹಾನಂದಾ
ಬಳ್ಳ ನೆಕ್ಕಿದ್ದನ್ನ ನಾ ನೋಡಲಿಲ್ಲ ಅಂದಕೊಂಡಾಳ.
ಮಾರಿ ಗಂಟು ಹಾಕಿದ್ಳು. ಸ್ವಲ್ಪ ಹೊತ್ತು ಬಿಟ್ಟಳು.
ಉಳಿದ ಇಪ್ಪತ್ತೆರಡಕ್ಕ ಗೋಣಿ ಸುತ್ತಿಕೋತ,
ಬೆನ್ನ ತಿರುಗಿಸಿ ಅಂದ್ಳು:

“ಮುಂದಿನ ಸಲ ಸಕ್ಕರಿ
ನಾ ತೂಗತೀನಿ.”