ದಾರದ ಕೆಳಗೆ

ಮೊದಲ ದಿನ ಉರಿಯುತ್ತೆ, ಎರಡನೇ ದಿನ ಕಡಿಯುತ್ತೆ,
ಆಮೇಲೆ ಏನೂ ಅನ್ನಿಸಲ್ಲ ಬಿಡು,
ಹಾಲೇಶನಿಗೆ ಹಾಗಂದಿದ್ದು ನಾನೇ.
ನನಗೂ ಯಾರೋ ಹಾಗೇ ಅಂದಿದ್ದರು.

ಮಂಡಿಪೇಟೆಯ ಹಿಂದಿನ ಓಣಿ, ತಗಡಿನ ಶೆಡ್ಡು.
ಅಕ್ಕಿ ಚೀಲದ ಮೇಲೆ ಗಿಳಿ ಒತ್ತುವ ಕೆಲಸ ನಮ್ಮದು.
ಒಂದು ಚೌಕಟ್ಟಿಗೆ ಹಸಿರು ಮೈ, ಇನ್ನೊಂದಕ್ಕೆ ಕೆಂಪು ಕೊಕ್ಕು,
ಮೂರನೆಯದಕ್ಕೆ ಬರೀ ಇಪ್ಪತ್ತೈದು ಕೆಜಿ.
ಸಂಜೆ ಬಣ್ಣ ಒಣಗುವುದರೊಳಗೆ ಜಾಲರಿ ತೊಳೀಬೇಕು:
ಬೋಗುಣಿ ತುಂಬ ಥಿನ್ನರ್, ಹಳೇ ಬನಿಯನ್ನಿನ ತುಂಡು, ಬರಿಗೈ.
ನೀರಿನ ಹಾಗೇ ಕಾಣುತ್ತೆ. ನೀರಿಗಿಂತ ತಣ್ಣಗಿರುತ್ತೆ.
ಅದೇ ಅದರ ಮೋಸ.

ಮೂರನೇ ದಿನ ಹುಡುಗ ಕೇಳಿದ,
"ಅಣ್ಣ, ಕೈಗೆ ಹಾಕ್ಕೊಳ್ಳೋಕೆ ಏನೂ ಇಲ್ವಾ?"
ಎಲ್ಲರೂ ನಕ್ಕೆವು. ದಾದಾಪೀರ್ ಅಂಗೈ ಚಾಚಿದ,
ಭಟ್ಟಿಯ ಮರಳಿಗೆ ಬಿದ್ದ ಭತ್ತದ ಹಾಗೆ ಬಿರಿದ ಅಂಗೈ.
"ಗೆರೆ ಒಂದೂ ಇಲ್ಲ ನೋಡು, ಶನಿಗೂ ದಾರಿ ಸಿಗಲ್ಲ!"

ಸುಳ್ಳು ಯಾಕೆ, ಗವಸು ಒಂದು ಜೊತೆ ಇತ್ತು.
ಸಾಹುಕಾರರ ಟೇಬಲ್ ಖಾನೆಯಲ್ಲಿ, ಬೀಗದೊಳಗೆ,
ತಪಾಸಣೆಯವರು ಬಂದರೆ ತೋರಿಸೋಕೆ.

ಅವನ ಬಲ ಮಣಿಕಟ್ಟಿಗೆ ದುಗ್ಗಮ್ಮನ ದಾರ,
ಅರಿಶಿನದಲ್ಲಿ ಅದ್ದಿ ಅವ್ವ ಕಟ್ಟಿದ ದಪ್ಪ ನೂಲು.
ನೂಲಿಗೆ ಕುಡಿಯೋದು ಗೊತ್ತು, ಬಿಡೋದು ಗೊತ್ತಿಲ್ಲ.
ಅಂಗೈ ಮೇಲಿನದು ಗಾಳಿಗೆ ಹಾರಿಹೋಯ್ತು,
ದಾರದ ಕೆಳಗಿನದು
ರಾತ್ರಿಯಿಡೀ ಕೂತು ತಿಂದಿತು.

ಬೆಳಗಾದರೆ ಬಳೆ ತೊಟ್ಟಂಥ ಗಾಯ.
ಸುತ್ತ ನೀರ್ಗುಳ್ಳೆ, ನಡುವೆ ಸುಲಿದ ಕೆಂಪು.
ರತ್ನವ್ವ ಮಗನನ್ನು ಆಸ್ಪತ್ರೆಗೆ ಒಯ್ಯಲಿಲ್ಲ,
ಗುಡಿಗೆ ಒಯ್ದಳು.
ಬೇವಿನ ಸೊಪ್ಪು ಅರೆದು ಹಚ್ಚಿದಳು,
ಐದು ಮಂಗಳವಾರ ಒಪ್ಪತ್ತು ಹಿಡಿದಳು,
ಮರೆತ ಹರಕೆ ಯಾವುದೆಂದು ಬೆರಳು ಮಡಿಚಿ ಎಣಿಸಿದಳು.

ನಾನು ನೋಡೋಕೆ ಹೋದೆ, ಮಂಡಕ್ಕಿ ಪೊಟ್ಟಣ ಹಿಡಕೊಂಡು.
ಅದಕ್ಕೇ ಈರುಳ್ಳಿ ಹೆಚ್ಚಿ, ನಿಂಬೆ ಹಿಂಡಿ, ನನ್ನ ಮುಂದಿಟ್ಟು ಕೇಳಿದಳು,
"ನೀವು ಹಿರೇರು, ಹೇಳ್ರಿ,
ಅಮ್ಮಗೆ ಯಾಕಿಷ್ಟು ಸಿಟ್ಟು?"

ಹುಡುಗ ನನ್ನ ಮುಖ ನೋಡಿದ.
ಅವನಿಗೆ ಗೊತ್ತು.
ನನಗೆ ಗೊತ್ತಿರೋದೂ ಅವನಿಗೆ ಗೊತ್ತು.

ಒಂದು ತುತ್ತು ಎತ್ತಿದೆ. ಬೆರಳ ಸಂದುಸಂದಿಗೂ ನಿಂಬೆ ಇಳಿಯಿತು,
ಇಪ್ಪತ್ತೆರಡು ವರ್ಷದ ಮೇಲೆ
ಮೊದಲ ದಿನದ ಉರಿ.

"ಕೆಲಸದ ಹೊತ್ತಿಗೆ ದಾರ ಬಿಚ್ಚಿಡಲಿ ಬಿಡವ್ವ," ಅಂದೆ,
"ಆಮೇಲೆ ಕಟ್ಟಿಕೊಂಡರಾಯ್ತು."
ಅಷ್ಟೇ ಬಂತು ಬಾಯಿಗೆ.

ಮರುದಿನ ನನ್ನ ಕೈ ಸ್ವಲ್ಪ ಅಲುಗಿತು.
ಗಿಳಿಯ ಕೊಕ್ಕು ಮೂತಿಯಿಂದ ಅರ್ಧ ಬೆರಳು ಆಚೆ ಬಿತ್ತು.
ಮುನ್ನೂರು ಚೀಲ ಹಾಗೇ ಲಾರಿ ಹತ್ತಿದವು.
ಯಾರೂ ಏನೂ ಕೇಳಲಿಲ್ಲ.